ಪೂರ್ತಿ ಎತ್ತರದ ಪ್ಯಾಕ್‌ಮ್ಯಾನ್ ಕ್ಯಾಬಿನೆಟ್ ಮನೆಯಲ್ಲೇ ಮಾಡುವುದು: ಪ್ಲೈವುಡ್, ಸ್ಟಿಕ್, ಸ್ಕ್ರೀನ್, ಮತ್ತೆ ನಮ್ಮ ಕಾಸರಗೋಡಿನ ಮಳೆ

ಉಪ್ಪಳ_ಗೇಟ್:
ಎಲ್ಲರಿಗೂ ನಮಸ್ಕಾರ. 1980ರ ಪ್ಯಾಕ್‌ಮ್ಯಾನ್ ವಿಡಿಯೋ ಗೇಮ್ ಯಂತ್ರದ ಪ್ರತಿಕೃತಿ ಮಾಡಬೇಕೂಂತ ಉಂಟು. ಮೇಜಿನ ಮೇಲಿಡುವ ಸಣ್ಣದಲ್ಲ, ಎದುರು ನಿಂತು ಆಡುವ ದೊಡ್ಡದು. ಈಗ ಹಾಕಿಕೊಂಡ ಲೆಕ್ಕ: 18 ಮಿ.ಮೀ. ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಮೂರು ಶೀಟು, 24 ಇಂಚಿನ ಅಗಲ ಮಾನಿಟರ್, ರಾಸ್‌ಬೆರಿ ಪೈ 4 (ಅಂಗೈಯಷ್ಟರ ಸಣ್ಣ ಕಂಪ್ಯೂಟರ್), ಆನ್‌ಲೈನ್‌ನಲ್ಲಿ ಸಿಗುವ ಎಂಟು ದಿಕ್ಕಿನ ಸ್ಟಿಕ್ ಮತ್ತು ಹತ್ತು ಬಟನ್‌ಗಳ ಕಿಟ್. ಇಡುವ ಮನೆ ಸಮುದ್ರಕ್ಕೆ ಹತ್ತಿರ, ಮುರಕಲ್ಲಿನ ಗೋಡೆ, ಜಾಗ ಹೊರಗೋಡೆಯ ಮೂಲೆ. ಬಾಗಿಲ ದಾರಂದದ ಒಳ ಅಗಲ 80 ಸೆಂ.ಮೀ. ಇದರಲ್ಲಿ ಎಂತೆಂತ ಬದಲಿಸಬೇಕು, ಯಾವುದು ಮೊದಲು ಖರೀದಿಸಬೇಕು, ಗೊತ್ತಿದ್ದವರು ಹೇಳಿ.

ಆಚಾರಿಕೊಟ್ಟಿಗೆ_ಬದಿಯಡ್ಕ:
ಮೊದಲು ಎಂಡಿಎಫ್ ಬಿಡಿ. ನಮ್ಮಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳ್ತದೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುರಕಲ್ಲಿನ ಹೊರಗೋಡೆ ನೀರು ಕುಡಿದೇ ಇರ್ತದೆ. ಎಂಡಿಎಫ್‌ನ ಮುಖಕ್ಕೆ ಬಣ್ಣ ಹಚ್ಚಬಹುದು, ಆದರೆ ಕತ್ತರಿಸಿದ ಅಂಚು ಬ್ಲಾಟಿಂಗ್ ಪೇಪರಿನ ಹಾಗೆ ಹೀರ್ತದೆ. ಬುಡದ ಎರಡು ಇಂಚು ಉಬ್ಬಿದ ಮೇಲೆ ಅದನ್ನು ಸರಿಮಾಡುವ ದಾರಿ ಇಲ್ಲ. ಅಂಚಿಗೆ ಹಾಕಿದ ಸ್ಕ್ರೂ ಕೂಡ ಎರಡು ಸಲ ಬಿಚ್ಚಿ ಹಾಕಿದರೆ ಹಿಡಿಯುವುದಿಲ್ಲ.

ಬೇಕಾದ್ದು ಬಿಡಬ್ಲ್ಯೂಪಿ (ಕುದಿನೀರಿಗೂ ಜಗ್ಗದ) ಪ್ಲೈ, ಐಎಸ್ 710 ಮುದ್ರೆ ಇದ್ದದ್ದು. ಹಣ ಸಾಲದಿದ್ದರೆ ಐಎಸ್ 303ರ ಬಿಡಬ್ಲ್ಯೂಆರ್ ಗ್ರೇಡ್. ಅದೇ ಐಎಸ್ 303ರ ಒಳಗೆ ಎಂಆರ್ (ಬರೀ ತೇವ ತಡೆಯುವ) ಗ್ರೇಡ್ ಕೂಡ ಬರ್ತದೆ, ಅದು ಬೇಡ. ಹಾಗಾಗಿ ನಂಬರ್ ಮಾತ್ರ ನೋಡಿ ತರಬೇಡಿ, ಗ್ರೇಡ್ ಅಕ್ಷರವನ್ನೂ ಓದಿ.

ಮೂರು ಶೀಟು ಬೇಡ, ಎರಡು ಸಾಕು. ಮೂಲ ಯಂತ್ರ ಸುಮಾರು 5 ಅಡಿ 8 ಇಂಚು ಎತ್ತರ, ಎರಡು ಅಡಿಗಿಂತ ಸ್ವಲ್ಪ ಹೆಚ್ಚು ಅಗಲ, ಎರಡೂ ಮುಕ್ಕಾಲು ಅಡಿಯಷ್ಟು ಆಳ. ಅದನ್ನು 1730 × 620 × 840 ಮಿ.ಮೀ. ಅಂತ ಇಟ್ಟುಕೊಳ್ಳಿ. ಎರಡು ಬದಿಗಳ ದಪ್ಪ 36 ಕಳೆದರೆ ಒಳ ಅಗಲ 584. ಈಗ 2440 × 1220 ಶೀಟನ್ನು ಹೇಗೆ ಸೀಳುವುದು ಅನ್ನುವುದರಲ್ಲೇ ಎಲ್ಲ ಉಂಟು.

ಹೆಚ್ಚಿನವರು ಮೊದಲು ಉದ್ದ 1730ಕ್ಕೆ ಅಡ್ಡ ಕತ್ತರಿಸ್ತಾರೆ. ಹಾಗೆ ಮಾಡಿದರೆ ಬದಿಯಲ್ಲಿ ಉಳಿಯುವ ಪಟ್ಟಿ ಕೂಡ 1730 ಉದ್ದವೇ. ಅದರಲ್ಲಿ 584ರ ಮೂರು ತುಂಡಿಗೆ 1752 ಬೇಕು, 22 ಮಿ.ಮೀ. ಸಾಲುವುದಿಲ್ಲ, ಎರಡೇ ತುಂಡು ಬರುವುದು. ಬದಲಿಗೆ ಮೊದಲು ಉದ್ದಕ್ಕೆ ಸೀಳಿ: 840 ಒಂದು ಪಟ್ಟಿ, ಬ್ಲೇಡಿನ ದಪ್ಪ 3 ಹೋಗಿ 377 ಇನ್ನೊಂದು ಪಟ್ಟಿ, ಎರಡೂ 2440 ಉದ್ದ. 377ರ ಪಟ್ಟಿಯಲ್ಲಿ 584ರ ನಾಲ್ಕು ತುಂಡು ಬರ್ತದೆ. 840ರ ಪಟ್ಟಿಯಲ್ಲಿ ಒಂದು ಬದಿ ಮತ್ತು 840 × 707ರ ಒಂದು ಹಲಗೆ, ಅದನ್ನು 840 × 584 ಮಾಡಿ. ಎರಡು ಶೀಟಿಗೆ ಒಟ್ಟು ಎರಡು ಬದಿ, 377ರ ಎಂಟು ತುಂಡು, 840 × 584ರ ಎರಡು ಹಲಗೆ. ಈ ಎರಡು ಹಲಗೆ ಒಂದರ ಮೇಲೊಂದು ಇಟ್ಟರೆ 1680, ಹಿಂಬದಿಗೆ ಅದೇ. ಉಳಿದ 50 ಮಿ.ಮೀ. ಗಾಳಿಗೆ ಬಿಡಿ. ಎಂಟು ತುಂಡಿನಲ್ಲಿ ತಳಕ್ಕೆ ಎರಡು, ಎದುರಿನ ಕಾಯಿನ್ ಭಾಗಕ್ಕೆ ಎರಡು, ತಲೆಗೆ ಒಂದು, ಸ್ಪೀಕರಿಗೆ ಒಂದು, ಕಂಟ್ರೋಲ್ ಪ್ಯಾನೆಲಿಗೆ ಒಂದು, ಮಾನಿಟರಿನ ಅಡ್ಡಹಲಗೆಗೆ ಒಂದು.

ಬಾಗಿಲಿನ ಚಿಂತೆ ಇಲ್ಲ, 620 ಅಗಲ 800ರಲ್ಲಿ ನೇರ ದಾಟುತ್ತದೆ. ಒಳಗೆ ಹೋದ ಮೇಲೆ ತಿರುಗಿಸಲಿಕ್ಕೆ ಜಾಗ ಬೇಕು. ಮೂಲೆಯಿಂದ ಮೂಲೆಗೆ 1044 ಬರ್ತದೆ. ಓಣಿ ಅದಕ್ಕಿಂತ ಸಪೂರ ಇದ್ದರೆ ಕೋಣೆಯ ಒಳಗೇ ಜೋಡಿಸಬೇಕು.

ಕುಂಬಳೆ_ಕಡಲು:
ಮರಕ್ಕೆ ಕೈಹಾಕುವ ಮೊದಲು ಸ್ಕ್ರೀನ್ ಕೈಯಲ್ಲಿರಬೇಕು. ಮಾನಿಟರಿನ ಹೊರ ಅಳತೆ ಗೊತ್ತಿಲ್ಲದೆ ಅಡ್ಡಹಲಗೆಯ ಜಾಗ ಗುರುತು ಮಾಡಲಿಕ್ಕೆ ಆಗುವುದಿಲ್ಲ.

24 ಇಂಚಿನ ಅಗಲ ಮಾನಿಟರ್ ಈ ಆಟಕ್ಕೆ ಹೊಂದುವುದಿಲ್ಲ. ಪ್ಯಾಕ್‌ಮ್ಯಾನ್‌ನ ಚಿತ್ರ ನಿಲುವಿನದ್ದು: ಅಗಲ 224 ಚುಕ್ಕಿ, ಎತ್ತರ 288. ಮೂಲದಲ್ಲಿ 19 ಇಂಚಿನ ಪಿಕ್ಚರ್ ಟ್ಯೂಬನ್ನು ತಿರುಗಿಸಿ ನಿಲುವಾಗಿ ಕೂರಿಸಿದ್ದು. ಚುಕ್ಕಿ ಗೀಟಿನ ಹಾಗೆ ಚೊಕ್ಕ ಕಾಣಬೇಕಾದರೆ ಪೂರ್ಣ ಸಂಖ್ಯೆಯಲ್ಲೇ ಹಿಗ್ಗಿಸಬೇಕು, ನಾಲ್ಕು ಪಟ್ಟು ಅಥವಾ ಐದು ಪಟ್ಟು. ನಾಲ್ಕೂಕಾಲು ಪಟ್ಟು ಹಿಗ್ಗಿಸಿದರೆ ಕೆಲವು ಚುಕ್ಕಿ ದಪ್ಪ, ಕೆಲವು ಸಪೂರ ಆಗಿ, ಗೋಡೆಯ ನೀಲಿ ಗೆರೆ ಒಂದೊಂದು ಕಡೆ ಒಂದೊಂದು ನಮೂನೆ ಕಾಣ್ತದೆ.

ಹಳೆಯ ಆಫೀಸ್ ಕಂಪ್ಯೂಟರಿನ 19 ಇಂಚಿನ ಚೌಕ ಎಲ್‌ಸಿಡಿ, 1280 × 1024ರದ್ದು, ಸೆಕೆಂಡ್ ಹ್ಯಾಂಡ್ ಅಂಗಡಿಯಲ್ಲಿ ಸಿಗ್ತದೆ. ನಿಲ್ಲಿಸಿದರೆ 1024 × 1280. ನಾಲ್ಕು ಪಟ್ಟಿಗೆ 896 × 1152, ಸರಿಯಾಗಿ ಒಳಗೆ ಕೂತುಕೊಳ್ತದೆ. ಒಂದು ಚುಕ್ಕಿ 0.294 ಮಿ.ಮೀ., ಅಂದರೆ ಚಿತ್ರ 263 × 339 ಮಿ.ಮೀ. ಮೂಲ ಟ್ಯೂಬಿನಲ್ಲಿ ಕಾಣುತ್ತಿದ್ದದ್ದು ಹೆಚ್ಚುಕಮ್ಮಿ 274 × 366. ಇಷ್ಟು ಹತ್ತಿರ ಬರುವ ಬೇರೆ ಅಗ್ಗದ ದಾರಿ ಇಲ್ಲ. 24 ಇಂಚಿನದ್ದನ್ನು ನಿಲ್ಲಿಸಿದರೂ ನಾಲ್ಕು ಪಟ್ಟೇ ಗತಿ, ಚಿತ್ರ 248 × 319ಕ್ಕೆ ಇಳಿಯುತ್ತದೆ, ಮೇಲೆ ಕೆಳಗೆ ಕೈಯಗಲ ಖಾಲಿ. 1600 × 1200ರ 20 ಇಂಚು ಸಿಕ್ಕಿದರೆ ಐದು ಪಟ್ಟು ಹಿಡಿಯುತ್ತದೆ, ಅದು ಇನ್ನೂ ಒಳ್ಳೆಯದು, ಆದರೆ ಸಿಗುವುದು ಅಪರೂಪ.

ಕೊಳ್ಳುವ ಮೊದಲು ಅಂಗಡಿಯಲ್ಲೇ ಎರಡು ಪರೀಕ್ಷೆ ಮಾಡಿ. ಒಂದು, ಮಾನಿಟರ್ ಆನ್ ಇರುವಾಗಲೇ ಗೋಡೆಯ ಸ್ವಿಚ್ ತೆಗೆದು ಮತ್ತೆ ಹಾಕಿ. ಬಟನ್ ಒತ್ತದೆ ತಾನಾಗಿ ಆನ್ ಆಗಬೇಕು. ಆಗದಿದ್ದರೆ ಕ್ಯಾಬಿನೆಟ್ ಒಳಗೆ ಪ್ರತಿ ಸಲ ಕೈಹಾಕಬೇಕಾಗ್ತದೆ. ಎರಡು, ಅದನ್ನು ನಿಲ್ಲಿಸಿ ಎಡದಿಂದಲೂ ಬಲದಿಂದಲೂ ನೋಡಿ. ಟಿಎನ್ ಪ್ಯಾನೆಲ್ (ಅಗ್ಗದ ಬಗೆಯ ಎಲ್‌ಸಿಡಿ) ಆದರೆ ಕೆಳಗಿನಿಂದ ನೋಡಿದಾಗ ಬಣ್ಣ ಮಗುಚಿಕೊಳ್ತದೆ. ನಿಲ್ಲಿಸಿದಾಗ ಆ ಕೆಟ್ಟ ಬದಿ ಎಡಕ್ಕೋ ಬಲಕ್ಕೋ ಬರ್ತದೆ. ಪಕ್ಕದಲ್ಲಿ ನಿಂತು ಆಟ ನೋಡುವವರಿಗೆ ಕಪ್ಪು ಮೋಡವೇ ಕಾಣುವುದು. ಎಲ್ಲ ಬದಿಯಿಂದಲೂ ಬಣ್ಣ ಸರಿ ಕಾಣುವ ಐಪಿಎಸ್ ಪ್ಯಾನೆಲ್ ಸಿಕ್ಕಿದರೆ ಅದನ್ನೇ ತನ್ನಿ.

ಉಪ್ಪಳ_ಗೇಟ್:
ಎಂಡಿಎಫ್ ಮತ್ತು 24 ಇಂಚು, ಎರಡೂ ಪಟ್ಟಿಯಿಂದ ಹೊರಗೆ. ಹಳೆಯ ಪಿಕ್ಚರ್ ಟ್ಯೂಬ್ ಟಿವಿಯನ್ನೇ ತಿರುಗಿಸಿ ಇಟ್ಟರೆ ನಿಜವಾದ ಕಳೆ ಬರುವುದಿಲ್ಲವೇ?

ಮಾಷ್ಟ್ರು_ಮುಳ್ಳೇರಿಯ:
ಬರುತ್ತದೆ, ಆದರೂ ಬೇಡ. ಟ್ಯೂಬಿನ ಆನೋಡಿನಲ್ಲಿ ಇಪ್ಪತ್ತು ಸಾವಿರ ವೋಲ್ಟಿನ ಆಸುಪಾಸು ಇರುತ್ತದೆ, ಪ್ಲಗ್ ತೆಗೆದ ಮೇಲೂ ಆ ಚಾರ್ಜ್ ಉಳಿದಿರುತ್ತದೆ. ಟಿವಿಯ ಹೊರಕವಚ ಬಿಚ್ಚಿ ಮರದ ಪೆಟ್ಟಿಗೆಯಲ್ಲಿ ಕೂರಿಸಿದರೆ ಹಿಂದಿನ ಬಾಗಿಲು ತೆರೆಯುವ ಪ್ರತಿಯೊಬ್ಬರ ಕೈಗೂ ಅದು ಎಟಕುವ ಹಾಗೆ ಆಗುತ್ತದೆ. ಆರ್ಕೇಡ್ ಮಾನಿಟರಿನ ಚಾಸಿಗೆ ಐಸೊಲೇಶನ್ ಟ್ರಾನ್ಸ್‌ಫಾರ್ಮರ್ ಪ್ರತ್ಯೇಕ ಕೊಡುತ್ತಿದ್ದದ್ದು ಸುಮ್ಮನೆ ಅಲ್ಲ. ಟಿವಿ ರಿಪೇರಿ ಕಸುಬು ಗೊತ್ತಿದ್ದವರು ಜೊತೆಗಿದ್ದರೆ ಮಾತ್ರ ಆ ದಾರಿ ಹಿಡಿಯಿರಿ. ಮಕ್ಕಳಿರುವ ಮನೆಗೆ ಎಲ್‌ಸಿಡಿಯೇ ಸರಿ.

ಚಂದ್ರಗಿರಿ_ತೀರ:
ಸ್ಟಿಕ್ ಬಗ್ಗೆ ಹೇಳ್ತೇನೆ, ಈ ಆಟದ ಜೀವ ಇರುವುದು ಅಲ್ಲಿ. ಮೂಲ ಪ್ಯಾಕ್‌ಮ್ಯಾನ್‌ನಲ್ಲಿ ಒಂದು ಕೆಂಪು ಗುಂಡಿನ ನಾಲ್ಕು ದಿಕ್ಕಿನ ಸ್ಟಿಕ್, ಮತ್ತೆ ಒಬ್ಬರಿಗೆ, ಇಬ್ಬರಿಗೆ ಅಂತ ಎರಡು ಸ್ಟಾರ್ಟ್ ಬಟನ್, ಅಷ್ಟೇ. ಆಟದ ಬಟನ್ ಒಂದೂ ಇಲ್ಲ. ಹತ್ತು ಬಟನ್‌ಗಳ ಕಿಟ್ ತಂದು ಪ್ಯಾನೆಲ್ ತುಂಬಾ ತೂತು ಕೊರೆದರೆ ಅದು ಪ್ಯಾಕ್‌ಮ್ಯಾನ್ ಯಂತ್ರದ ಹಾಗೆ ಕಾಣುವುದೇ ಇಲ್ಲ.

ಎಂಟು ದಿಕ್ಕಿನ ಸ್ಟಿಕ್ ಯಾಕೆ ಆಗುವುದಿಲ್ಲ ಅಂದರೆ, ಓರೆಗೆ ತಳ್ಳಿದಾಗ ಅದರಲ್ಲಿ ಎರಡು ಸ್ವಿಚ್ ಒಟ್ಟಿಗೆ ಒತ್ತಿಕೊಳ್ತದೆ. ಬಲಕ್ಕೆ ಓಡುತ್ತಾ ಮೇಲಿನ ತಿರುವಿಗೆ ಕೈ ತಿರುಗಿಸುವಾಗ ಕೈ ಆ ಓರೆಯನ್ನು ದಾಟಿಯೇ ಹೋಗಬೇಕು. ಆ ಹೊತ್ತಿಗೆ ಆಟಕ್ಕೆ ಬಲವೂ ಸಿಗ್ತದೆ, ಮೇಲೂ ಸಿಗ್ತದೆ. ತಿರುವು ತಪ್ಪಿ ಹೋಗ್ತದೆ, ಭೂತ ಹಿಂದಿನಿಂದ ಬಂದು ಹಿಡಿಯುತ್ತದೆ. ಆಡುವವರು ತಮ್ಮ ಕೈಯದ್ದೇ ತಪ್ಪು ಅಂತ ತಿಳ್ಕೊಳ್ತಾರೆ, ಅಲ್ಲ, ತಪ್ಪು ಸ್ಟಿಕ್ಕಿನದ್ದು.

ಸನ್ವಾ ಜೆಎಲ್‌ಎಫ್ ತರುವುದಾದರೆ ಅದರ ಅಡಿಯ ಚೌಕ ಗೇಟನ್ನು (ಕೋಲಿನ ಓಡಾಟಕ್ಕೆ ಗಡಿ ಹಾಕುವ ತಟ್ಟೆ) 45 ಡಿಗ್ರಿ ತಿರುಗಿಸಿದರೆ ವಜ್ರಾಕಾರ ಆಗಿ ನಾಲ್ಕೇ ದಿಕ್ಕಿಗೆ ದಾರಿ ಬಿಡ್ತದೆ. ಹ್ಯಾಪ್ ಮಾದರಿಯ ಉದ್ದ ಕತ್ತಿನ ಸ್ಟಿಕ್ ಆದರೆ ನಾಲ್ಕು ದಿಕ್ಕಿನದ್ದು ಅಂತಲೇ ಕೇಳಿ ತನ್ನಿ.

ದಪ್ಪದ ವಿಷಯ ಮರೆಯಬೇಡಿ. ಸನ್ವಾದ 30 ಮಿ.ಮೀ. ಒತ್ತಿ ಕೂರಿಸುವ ಬಟನ್ ತೆಳು ತಗಡಿಗೆ ಮಾಡಿದ್ದು, 18 ಮಿ.ಮೀ. ಪ್ಲೈನಲ್ಲಿ ಅದರ ಕಿವಿ ಕಚ್ಚುವುದಿಲ್ಲ. ಪ್ಲೈಗೆ ಸರಿಯಾದ್ದು ಉದ್ದ ಕತ್ತಿಗೆ ನಟ್ ತಿರುಗಿಸುವ ಬಟನ್, ತೂತು 28.6 ಮಿ.ಮೀ., ಅಂದರೆ ಒಂದೂ ಒಂದೆಂಟಾಂಶ ಇಂಚು. 30ರ ಹೋಲ್‌ಸಾ ಹಾಕಿದರೆ ಬಟನ್ ಒಳಗೆ ಅಲುಗಾಡ್ತದೆ. ಸ್ಟಿಕ್ಕಿಗೆ ಪ್ಲೈನ ಅಡಿಯಿಂದ ಟ್ರಿಮ್ಮರಿನಲ್ಲಿ (ಮರ ಕೊರೆಯುವ ಸಣ್ಣ ಕೈಯಂತ್ರ) 12–13 ಮಿ.ಮೀ. ಆಳದ ಗುಂಡಿ ತೆಗೆದು, ಮೇಲೆ 5–6 ಮಿ.ಮೀ. ಮಾತ್ರ ಬಿಡಿ. ಇಲ್ಲದಿದ್ದರೆ ಕೋಲು ಗಿಡ್ಡ ಆಗಿ ಗುಂಡು ಪ್ಯಾನೆಲಿಗೆ ಒರಸುವಷ್ಟು ಕೆಳಗೆ ನಿಲ್ಲುತ್ತದೆ.

ಡಾಂಕಿ ಕಾಂಗ್, ಗ್ಯಾಲಗ ಕೂಡ ಆಡಬೇಕು ಅನ್ನುವವರು ಸ್ಟಿಕ್ಕಿನ ಎಡಕ್ಕೊಂದು, ಬಲಕ್ಕೊಂದು ಬಟನ್ ಇಡಿ, ಎರಡಕ್ಕೂ ಒಂದೇ ಕೆಲಸ. ಎರಡೂ 1981ರ ಆಟಗಳು, ಎರಡಕ್ಕೂ ಒಂದೇ ಬಟನ್ ಸಾಕು, ಎರಡೂ ನಿಲುವಿನ ಸ್ಕ್ರೀನಿನವು.

ಆಚಾರಿಕೊಟ್ಟಿಗೆ_ಬದಿಯಡ್ಕ:
ಇನ್ನು ಬದಿಗಳ ಆಕಾರ. ನೇರವಾಗಿ ಪ್ಲೈ ಮೇಲೆ ಗೀಟು ಹಾಕಬೇಡಿ. 6 ಮಿ.ಮೀ. ಎಂಡಿಎಫ್‌ನಲ್ಲಿ ಒಂದು ಅಚ್ಚು ಮಾಡಿ, ಈ ಇಡೀ ಕೆಲಸದಲ್ಲಿ ಎಂಡಿಎಫ್ ಬೇಕಾದ್ದು ಅದಕ್ಕೆ ಮಾತ್ರ. ಬಾಗುವ ಕಡೆ ಕಣ್ಣಳತೆ ಬೇಡ, ತೆಳು ರೀಪನ್ನು ಮೂರು ಮೊಳೆಗೆ ಬಗ್ಗಿಸಿ ಗೀಟು ಎಳೆಯಿರಿ. ಅಚ್ಚನ್ನು ಕೈಬೆರಳಿನಿಂದ ಸವರಿ ನೋಡಿ. ಕಣ್ಣಿಗೆ ಕಾಣದ ಉಬ್ಬು ಬೆರಳಿಗೆ ಸಿಗ್ತದೆ. ಅಚ್ಚಿನಲ್ಲಿ ಉಳಿದ ಪ್ರತಿ ಉಬ್ಬೂ ಎರಡೂ ಬದಿಗೆ ಹೋಗಿ ಕೂರ್ತದೆ. ಅಚ್ಚು ಸರಿಯಾದ ಮೇಲೆ ಪ್ಲೈಯನ್ನು ಜಿಗ್‌ಸಾದಲ್ಲಿ ಗೀಟಿನಿಂದ 2–3 ಮಿ.ಮೀ. ಹೊರಗೆ ಕತ್ತರಿಸಿ, ಅಚ್ಚು ಬಿಗಿದು, ಬೇರಿಂಗ್ ಇರುವ ನೇರ ಬಿಟ್ಟಿನಲ್ಲಿ ಟ್ರಿಮ್ಮರ್ ಓಡಿಸಿ. ಜಿಗ್‌ಸಾ ಪ್ಲೈನ ಮೇಲ್ಮುಖವನ್ನು ಕಿತ್ತು ಹಾಕ್ತದೆ, ಹಾಗಾಗಿ ಚಂದದ ಮುಖ ಅಡಿಗೆ ಬರಲಿ. ಎರಡು ಬದಿಗಳು ಒಂದಕ್ಕೊಂದು ಕನ್ನಡಿ ಆಗಿರಬೇಕು, ಒಂದೇ ಕೈಯವು ಎರಡು ಆದರೆ ಒಂದು ಶೀಟು ದಂಡ.

ಜೋಡಣೆಗೆ ಒಂದೂವರೆ ಇಂಚು × ಒಂದು ಇಂಚಿನ ರೀಪು. ಹಲಸಿನದ್ದು ಸಿಕ್ಕಿದರೆ ಒಳ್ಳೆಯದು, ರಬ್ಬರ್ ಮರದ್ದು ಮದ್ದು ಹಾಕದೆ ಇದ್ದರೆ ಬೇಡ, ಹುಳ ಬೀಳ್ತದೆ. ಹೊರಗಿನಿಂದ ಒಂದು ಸ್ಕ್ರೂ ಕೂಡ ಕಾಣಬಾರದು. ಫೆವಿಕಾಲ್ ಹಚ್ಚಿ ಒಳಗಿನಿಂದ ರೀಪಿನ ಮೂಲಕ ಬದಿಗೆ ಸ್ಕ್ರೂ. ರೀಪು 25, ಪ್ಲೈ 18, ಒಟ್ಟು 43. ಸ್ಕ್ರೂ 35 ಮಿ.ಮೀ. ಹಾಕಿ, ಪ್ಲೈ ಒಳಗೆ 10 ಹೋಗ್ತದೆ. 45ರದ್ದು ಹಾಕಿದರೆ ಹೊರಗಿನ ಬಣ್ಣದಲ್ಲಿ ಮೊಡವೆ ಎದ್ದ ಹಾಗೆ ತುದಿ ಏಳ್ತದೆ. ಎದುರಿನ ಹಲಗೆಗಳು ಬದಿಯ ಅಂಚಿಗಿಂತ ಸ್ವಲ್ಪ ಒಳಗೆ ಕೂರಬೇಕು ಮಾರಾಯ್ರೆ, ಹಳೆಯ ಯಂತ್ರಗಳ ಗುರುತೇ ಅದು. ರೀಪು ಇಡುವಾಗಲೇ ಆ ದಪ್ಪ ಕಳೆದು ಗೀಟು ಹಾಕಿಕೊಳ್ಳಿ.

ಬುಡಕ್ಕೆ ಎಂ10 ಬೋಲ್ಟಿನ ಎತ್ತರ ಸರಿಮಾಡುವ ಕಾಲು ನಾಲ್ಕು, ನೆಲದಿಂದ 25–30 ಮಿ.ಮೀ. ಮೇಲೆ. ಹೊರಗೋಡೆಯಿಂದ ಕನಿಷ್ಠ ನಾಲ್ಕು ಬೆರಳು ದೂರ. ಒರಲೆ ಗೋಡೆಯಿಂದ ಮಣ್ಣಿನ ದಾರಿ ಕಟ್ಟಿಕೊಂಡು ಬರುವುದು ಆ ಸಂದಿನಲ್ಲಿ ಕಾಣಬೇಕು, ಮುಚ್ಚಿ ಹೋಗಬಾರದು.

ಪೆರ್ಲದ_ಬಣ್ಣದವ:
ಅಂಚಿಗೆ ಎಂತ ಮಾಡುವುದು ಅಂತ ಯಾರೂ ಹೇಳಲಿಲ್ಲ. ಮೂಲದಲ್ಲಿ ಇರುವುದು ಟೀ ಆಕಾರದ ಪ್ಲಾಸ್ಟಿಕ್ ಪಟ್ಟಿ, ಅಂಚಿನ ನಡುವೆ ಸಣ್ಣ ಕಾಲುವೆ ಕೊರೆದು ಬಡಿದು ಕೂರಿಸುವುದು. ಇಲ್ಲಿನ ಹಾರ್ಡ್‌ವೇರ್ ಅಂಗಡಿಯಲ್ಲಿ ಅದು ಸಿಗುವುದಿಲ್ಲ. 2 ಮಿ.ಮೀ. ದಪ್ಪದ ಪಿವಿಸಿ ಎಜ್ ಬ್ಯಾಂಡ್ ಎಸ್‌ಆರ್ ಗಮ್ಮಿನಲ್ಲಿ ಅಂಟಿಸಿದರೆ ಸಾಕಲ್ವಾ?

ಚಂದ್ರಗಿರಿ_ತೀರ:
ಎಜ್ ಬ್ಯಾಂಡ್ ಮೂಲೆಯಲ್ಲಿ ಏಳ್ತದೆ. ಬೇಸಿಗೆಯಲ್ಲಿ ಗಮ್ಮು ಮೆತ್ತಗಾಗ್ತದೆ, ಕೈ ಒರಗಿಸುವ ಜಾಗದಲ್ಲಿ ಮೊದಲು ಬಿಡ್ತದೆ. ಟೀ ಪಟ್ಟಿ ಆನ್‌ಲೈನಿನಲ್ಲಿ ಮೀಟರ್ ಲೆಕ್ಕದಲ್ಲಿ ತರಿಸಬಹುದು, ಎರಡು ಬದಿಗೆ 11–12 ಮೀಟರ್ ಬೇಕು. ಹಣ ಹೋದರೂ ಅದನ್ನೇ ಹಾಕಬೇಕು ಅಂತ ನನ್ನ ಅಭಿಪ್ರಾಯ. ಆ ಉರುಟು ಅಂಚು ಇಲ್ಲದಿದ್ದರೆ ದೂರದಿಂದ ನೋಡುವಾಗ ಬಟ್ಟೆ ಕಪಾಟು ಕಂಡ ಹಾಗೆ ಆಗ್ತದೆ.

ಆಚಾರಿಕೊಟ್ಟಿಗೆ_ಬದಿಯಡ್ಕ:
ಟೀ ಪಟ್ಟಿಗೆ ನನ್ನ ವಿರೋಧ ಇಲ್ಲ, ಆದರೆ ಎರಡು ವಿಷಯ. ಪಟ್ಟಿ ಮುಕ್ಕಾಲು ಇಂಚಿನದ್ದು, 19 ಮಿ.ಮೀ. ನಮ್ಮ 18ರ ಪ್ಲೈ ಕೆಲವು ಸಲ ಅಳೆದರೆ 17.5 ಇರ್ತದೆ. ಪಟ್ಟಿಯ ತುಟಿ ಹೊರಗೆ ಚಾಚಿ ಅಂಗಿ ಸಿಕ್ಕಿಕೊಳ್ತದೆ. ಹೊರಮುಖಕ್ಕೆ 1 ಮಿ.ಮೀ. ಮೈಕಾ, ಒಳಮುಖಕ್ಕೆ ತೆಳು ಲೈನರ್ ಹಾಕಿದರೆ ಲೆಕ್ಕ ಸರಿ ಬರ್ತದೆ. ಒಂದೇ ಮುಖಕ್ಕೆ ಮೈಕಾ ಅಂಟಿಸಿದರೆ ಹಲಗೆ ಬಿಲ್ಲಿನ ಹಾಗೆ ಬಾಗ್ತದೆ, ಅದಕ್ಕೇ ಎರಡೂ ಕಡೆ ಹೇಳಿದ್ದು.

ಎರಡನೆಯದು ಅಪಾಯದ್ದು. ಕಾಲುವೆ ಕೊರೆಯುವ ಚಕ್ರದ ಬಿಟ್ಟು ಸುಮಾರು 48 ಮಿ.ಮೀ. ಅಗಲ. ಕೈ ಟ್ರಿಮ್ಮರ್ ನಿಮಿಷಕ್ಕೆ 30,000 ಸುತ್ತು ತಿರುಗ್ತದೆ, ಅಷ್ಟು ವೇಗಕ್ಕೆ ಆ ಬಿಟ್ಟು ಹಾಕಲೇಬಾರದು. ವೇಗ ಇಳಿಸಲಿಕ್ಕೆ ಆಗುವ ದೊಡ್ಡ ರೂಟರ್ ತನ್ನಿ, 16–18 ಸಾವಿರಕ್ಕೆ ಇಳಿಸಿ, ಹಲಗೆ ಬಿಗಿಯಾಗಿ ಕಟ್ಟಿ, ಕನ್ನಡಕ ಹಾಕಿ. ಪಟ್ಟಿಯ ನಾಲಗೆ ಎಷ್ಟು ದಪ್ಪ ಅಂತ ಅಳೆದ ಮೇಲೆಯೇ ಬಿಟ್ಟು ಖರೀದಿಸಿ, 1.6 ಸಾಮಾನ್ಯ, 2.4 ಕೂಡ ಬರ್ತದೆ. ಚೂರು ಹಲಗೆಯಲ್ಲಿ ಒಮ್ಮೆ ಕೊರೆದು ಪಟ್ಟಿ ಬಡಿದು ನೋಡಿ. ಸಡಿಲ ಆದರೆ ಗಮ್ಮು ಹಾಕಬೇಕು, ಬಿಗಿ ಆದರೆ ಪ್ಲೈನ ಪದರ ಸೀಳ್ತದೆ. ಹೊರಬಾಗಿನ ಮೂಲೆಯಲ್ಲಿ ನಾಲಗೆಗೆ ವಿ ಆಕಾರದ ಕಚ್ಚು ಹಾಕಿ, ಹೇರ್ ಡ್ರೈಯರಿನಲ್ಲಿ ಬಿಸಿ ಮಾಡಿ ಬಗ್ಗಿಸಿ. ರಬ್ಬರ್ ಸುತ್ತಿಗೆಯೇ ಬೇಕು, ಕಬ್ಬಿಣದ್ದು ಮುಖದಲ್ಲಿ ಹೊಳೆಯುವ ಕಲೆ ಬಿಡ್ತದೆ.

ಪೆರ್ಲದ_ಬಣ್ಣದವ:
ಹಾಗಾದರೆ ಟೀ ಪಟ್ಟಿಯೇ ಇರಲಿ, ಒಪ್ಪಿದೆ. ಆದರೆ ಮೈಕಾ ಹಾಕಿದರೆ ಬಣ್ಣದ ಕೆಲಸ ಬೇರೆ. ಹಳದಿ ಮೈಕಾ ಮೇಲೆ ವಿನೈಲ್ ಸ್ಟಿಕ್ಕರ್ ಸುಲಭ. ಮೂಲದಲ್ಲಿ ಬದಿಯ ಚಿತ್ರ ಸ್ಟಿಕ್ಕರ್ ಅಲ್ಲ, ಹಳದಿ ಬಣ್ಣದ ಮೇಲೆ ಸ್ಟೆನ್ಸಿಲ್ ಇಟ್ಟು ಹೊಡೆದದ್ದು. ಮೂಲದ ಹಾಗೇ ಬೇಕು ಅನ್ನುವವರು ಮೈಕಾದ ಬದಲು ಎರಡೂ ಮುಖಕ್ಕೆ ಪ್ರೈಮರ್, ಪುಟ್ಟಿ ಮಾಡಿ, 220ರ ನಂತರ 320ರ ಎಮರಿ ಪೇಪರ್ ಉಜ್ಜಿ ಹಳದಿ ಹೊಡೆಯಬೇಕು. ಸ್ಟೆನ್ಸಿಲ್ಲನ್ನು ಫ್ಲೆಕ್ಸ್ ಅಂಗಡಿಯವರು ವಿನೈಲ್‌ನಲ್ಲಿ ಕಟ್ ಮಾಡಿ ಕೊಡ್ತಾರೆ, ಒಂದು ಬಣ್ಣಕ್ಕೆ ಒಂದು. ಸ್ಟೆನ್ಸಿಲ್ ಅಂಟಿಸಿದ ಮೇಲೆ ಮೊದಲು ಹಳದಿಯನ್ನೇ ಇನ್ನೊಮ್ಮೆ ತೆಳುವಾಗಿ ಹೊಡೆದು ಅಂಚಿನ ಸಂದು ಮುಚ್ಚಿ, ಅದು ಒಣಗಿದ ಮೇಲೆ ಬೇರೆ ಬಣ್ಣ. ಹಾಗೆ ಮಾಡಿದರೆ ಬಣ್ಣ ಅಡಿಗೆ ನುಸುಳುವುದಿಲ್ಲ, ಗೆರೆ ಕತ್ತಿಯ ಬಾಯಿ ಹಾಗೆ ಬರ್ತದೆ. ವಿನೈಲ್ ತೆಗೆಯುವುದು ಬಣ್ಣ ಕೈಗೆ ಅಂಟದಷ್ಟು ಒಣಗಿದಾಗ. ಪೂರ್ತಿ ಗಟ್ಟಿಯಾದ ಮೇಲೆ ತೆಗೆದರೆ ಚೂರು ಕಿತ್ತು ಬರ್ತದೆ.

ಮಳೆಗಾಲದಲ್ಲಿ ಬಣ್ಣದ ಕೆಲಸ ಬೇಡವೇ ಬೇಡ. ಎನ್‌ಸಿ ಲ್ಯಾಕರ್ ತೇವದ ಗಾಳಿಯಲ್ಲಿ ಹಾಲು ಚೆಲ್ಲಿದ ಹಾಗೆ ಬಿಳಿ ಆಗ್ತದೆ. ಪಿಯು (ಪಾಲಿಯುರೆಥೇನ್) ಬಣ್ಣ ಹೊಡೆದರೆ ಅದರ ಹಾರ್ಡನರ್ ತೇವದ ಜೊತೆ ಸೇರಿ ಸೂಜಿಮೊನೆಯಷ್ಟು ಗುಳ್ಳೆ ಏಳ್ತದೆ. ಡಿಸೆಂಬರ್‌ನಿಂದ ಮಾರ್ಚ್ ಸರಿಯಾದ ಕಾಲ, ಬೆಳಿಗ್ಗೆ ಇಬ್ಬನಿ ಆರಿದ ಮೇಲೆ ಸುರು ಮಾಡಿ. ಅಂಗಳದಲ್ಲಿ ಅಡಿಕೆ ಒಣಗಲಿಕ್ಕೆ ಹಾಕಿದ ದಿನ ಅದರ ಹತ್ತಿರ ಸ್ಪ್ರೇ ಬೇಡ, ಬಣ್ಣದ ಹೊಗೆ ಅಡಿಕೆಗೆ ಹಿಡಿಯುತ್ತದೆ, ಅಡಿಕೆಯ ಧೂಳು ಬಣ್ಣಕ್ಕೆ.

ತಲೆಯ ಬೋರ್ಡಿಗೆ ಬ್ಯಾಕ್‌ಲಿಟ್ ಫಿಲ್ಮಿನಲ್ಲಿ ಪ್ರಿಂಟ್ ತೆಗೆಸಿ, ಸಾದಾ ಫ್ಲೆಕ್ಸ್‌ನಲ್ಲಿ ನೂಲಿನ ಬಲೆ ಕಾಣ್ತದೆ. ಎದುರಿಗೆ 3 ಮಿ.ಮೀ. ಸ್ವಚ್ಛ ಆಕ್ರಿಲಿಕ್, ಹಿಂದೆ 3 ಮಿ.ಮೀ. ಹಾಲುಬಣ್ಣದ್ದು, ನಡುವೆ ಫಿಲ್ಮ್. ಎಲ್‌ಇಡಿ ಪಟ್ಟಿ ಕನಿಷ್ಠ 75 ಮಿ.ಮೀ. ಹಿಂದೆ ಇರಲಿ, ಹತ್ತಿರ ಇಟ್ಟರೆ ಒಂದೊಂದು ಬಲ್ಬೂ ಚುಕ್ಕಿಯಾಗಿ ಕಾಣ್ತದೆ. ಎರಡು ಅಡಿಯ ಎಲ್‌ಇಡಿ ಬ್ಯಾಟನ್ ತರಬೇಡಿ, ಒಳ ಅಗಲ 584ರಲ್ಲಿ ಪ್ಲಗ್ ಸೇರಿ ಹಿಡಿಯುವುದಿಲ್ಲ. ಒಂದಡಿಯದ್ದು ಒಂದು, ಅಥವಾ 12 ವೋಲ್ಟಿನ ಪಟ್ಟಿ ಎರಡು ಸಾಲು.

ಮಾಷ್ಟ್ರು_ಮುಳ್ಳೇರಿಯ:
ವಿದ್ಯುತ್ತಿನ ಭಾಗ ಒಮ್ಮೆಗೇ ಬರೆಯುತ್ತೇನೆ.

ಹಿಂಬದಿಯ ಕೆಳಗೆ ಫ್ಯೂಸ್ ಮತ್ತು ಸ್ವಿಚ್ ಎರಡೂ ಇರುವ ಐಇಸಿ ಸಾಕೆಟ್ (ಕಂಪ್ಯೂಟರಿನ ಪವರ್ ಕೇಬಲ್ ಚುಚ್ಚುವಂಥದ್ದು), ಫ್ಯೂಸ್ 2 ಆಂಪಿಯರ್. ಅಲ್ಲಿಂದ ಒಳಗೆ ಒಂದು ಸ್ಪೈಕ್ ಗಾರ್ಡ್, ಅದನ್ನು ನೆಲದ ಹಲಗೆಗಲ್ಲ, ಬದಿಗೆ ಎತ್ತರದಲ್ಲಿ ಸ್ಕ್ರೂ ಮಾಡಿ. ಮಾನಿಟರ್ 20–25 ವ್ಯಾಟ್, ಪೈ 6–8, ಎಲ್‌ಇಡಿ 16ರೊಳಗೆ, ಶಬ್ದಕ್ಕೆ 5. ಒಟ್ಟು 60 ವ್ಯಾಟ್ ದಾಟುವುದಿಲ್ಲ, ಮನೆಯ ಇನ್ವರ್ಟರಿಗೆ ಭಾರವಲ್ಲ. ಕಂಟ್ರೋಲ್ ಪ್ಯಾನೆಲ್ ಲೋಹದ್ದಾದರೆ ಅದು, ಎಸ್‌ಎಂಪಿಎಸ್ (12 ವೋಲ್ಟ್ ಕೊಡುವ ಪವರ್ ಸಪ್ಲೈ) ಕವಚ, ಕಾಯಿನ್ ಬಾಗಿಲು, ಈ ಮೂರಕ್ಕೂ ಅರ್ಥ್ ವಯರ್ ಹೋಗಲೇಬೇಕು. ಬೆವರಿದ ಕೈ ಅವುಗಳ ಮೇಲೆ ಗಂಟೆಗಟ್ಟಲೆ ಇರುತ್ತದೆ. ಮನೆಯಲ್ಲಿ 30 ಮಿಲಿ ಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನಾಗಿ ಕಡಿಯುವ ಸ್ವಿಚ್) ಇದೆಯೇ ಅಂತಲೂ ನೋಡಿಕೊಳ್ಳಿ.

ಪೈಗೆ ಅದರದ್ದೇ 5.1 ವೋಲ್ಟ್ 3 ಆಂಪಿಯರ್ ಅಡಾಪ್ಟರ್ ಕೊಡಿ. 12 ವೋಲ್ಟಿನ ಎಸ್‌ಎಂಪಿಎಸ್‌ನಿಂದ ಅಗ್ಗದ ಎಲ್‌ಎಂ2596 ಬೋರ್ಡಿನಲ್ಲಿ ಇಳಿಸಿ ಕೊಡುವವರಿದ್ದಾರೆ. ಅದರ ಮೇಲೆ 3 ಆಂಪಿಯರ್ ಅಂತ ಬರೆದಿದ್ದರೂ ಮುಚ್ಚಿದ ಪೆಟ್ಟಿಗೆಯ ಬಿಸಿಯಲ್ಲಿ ಅಷ್ಟನ್ನು ಎಳೆದುಕೊಂಡು ನಿಲ್ಲುವುದಿಲ್ಲ. ವೋಲ್ಟೇಜ್ 4.63ಕ್ಕಿಂತ ಇಳಿದರೆ ಸ್ಕ್ರೀನಿನಲ್ಲಿ ಮಿಂಚಿನ ಗುರುತು ಬರುತ್ತದೆ, ಪೈ ವೇಗ ಇಳಿಸುತ್ತದೆ, ಶಬ್ದ ತುಂಡಾಗುತ್ತದೆ. ಆಗ ತಪ್ಪು ಸಾಫ್ಟ್‌ವೇರಿನದ್ದೆಂದು ವಾರಗಟ್ಟಲೆ ಹುಡುಕುತ್ತಾ ಕೂರುತ್ತಾರೆ.

ಮೂಲ ಯಂತ್ರದ ಶಬ್ದ ಒಂದೇ ಸ್ಪೀಕರಿನದ್ದು. 8 ಓಮಿನ 4 ಅಥವಾ 5 ಇಂಚಿನ ಒಂದು ಸ್ಪೀಕರ್, ಪಿಎಎಂ8403 ಆಂಪ್ಲಿಫೈಯರ್ ಬೋರ್ಡ್ ಸಾಕು. ಆ ಬೋರ್ಡಿನ ಸ್ಪೀಕರ್ ತಂತಿಗಳಲ್ಲಿ ಯಾವುದನ್ನೂ ಗ್ರೌಂಡಿಗೆ ಸೇರಿಸಬಾರದು, ಎರಡೂ ತಂತಿ ಜೀವಂತ, ಸೇರಿಸಿದರೆ ಚಿಪ್ ಸುಡುತ್ತದೆ. ಪೈ ಮತ್ತು ಆಂಪ್ಲಿಫೈಯರ್ ಒಂದೇ 5 ವೋಲ್ಟ್ ಹಂಚಿಕೊಂಡರೆ ಜೀರುಂಡೆಯ ಹಾಗೆ ಸದ್ದು ಬರುತ್ತದೆ. ಆಂಪ್ಲಿಫೈಯರಿಗೆ ಬೇರೆ ಚಾರ್ಜರ್ ಕೊಟ್ಟರೆ ಹೆಚ್ಚಾಗಿ ನಿಲ್ಲುತ್ತದೆ. ನಿಲ್ಲದಿದ್ದರೆ ಗ್ರೌಂಡ್ ಲೂಪ್ ಐಸೊಲೇಟರ್ ಒಂದು ಹಾಕಿ.

ಬಟನ್ ವಯರಿಂಗ್‌ಗೆ 0.5 ಚದರ ಮಿ.ಮೀ. ವಯರ್. ಹ್ಯಾಪ್ ಮಾದರಿಯ ಮೈಕ್ರೋಸ್ವಿಚ್‌ಗೆ 4.8 ಮಿ.ಮೀ. ಲಗ್, ಸನ್ವಾ ಬಟನ್‌ಗೆ 2.8. ಕಿಟ್‌ಗಳ ಜೊತೆ ಬರುವಂಥ ಯುಎಸ್‌ಬಿ ಎನ್‌ಕೋಡರ್ (ಬಟನ್ ಒತ್ತಿದ್ದನ್ನು ಪೈಗೆ ತಿಳಿಸುವ ಬೋರ್ಡ್) ಸಾಕು. ಗ್ರೌಂಡ್ ಒಂದರಿಂದ ಒಂದಕ್ಕೆ ಸರಪಣಿಯ ಹಾಗೆ ಹೋಗುತ್ತದೆ. ಸರಪಣಿಯ ನಡುವೆ ಒಂದು ಲಗ್ ಸಡಿಲವಾದರೆ ಅದರಾಚೆಯ ಎಲ್ಲ ಬಟನ್‌ಗಳೂ ಒಟ್ಟಿಗೆ ಸಾಯುತ್ತವೆ. ಎಲ್ಲ ಒಟ್ಟಿಗೆ ಸತ್ತರೆ ಗ್ರೌಂಡ್ ನೋಡಿ, ಒಂದೇ ಸತ್ತರೆ ಆ ಬಟನ್ ನೋಡಿ.

ಕೆಳಗೆ ಗಾಳಿ ಒಳಬರುವ ತೂತು, ಮೇಲೆ 80 ಮಿ.ಮೀ. ಫ್ಯಾನ್ ಹೊರಗೆ ಊದಲಿ. 80 ಡಿಗ್ರಿ ತಲುಪಿದರೆ ಪೈ ತಾನಾಗಿ ನಿಧಾನವಾಗುತ್ತದೆ. ಎಲ್ಲ ತೂತಿಗೂ ಸೊಳ್ಳೆ ಬಲೆ ಹೊಡೆಯಿರಿ. ಬಿಸಿ ಹುಡುಕಿಕೊಂಡು ಹಲ್ಲಿ ಬರುತ್ತದೆ, ಎಸ್‌ಎಂಪಿಎಸ್‌ನ ಟರ್ಮಿನಲ್ ಮೇಲೆ ಅದು ಅಡ್ಡ ಮಲಗಿದರೆ ಅದೂ ಇಲ್ಲ, ಫ್ಯೂಸೂ ಇಲ್ಲ.

ಕುಂಬಳೆ_ಕಡಲು:
ಮಾಷ್ಟ್ರೆ, ಕರೆಂಟ್ ಹೋಗುವುದನ್ನೂ ಸೇರಿಸಿ. ಮಳೆಗಾಲದಲ್ಲಿ ದಿನಕ್ಕೆ ನಾಲ್ಕು ಸಲ ಹೋಗ್ತದೆ. ಬರೆಯುತ್ತಿರುವಾಗ ಕರೆಂಟ್ ಹೋದರೆ ಪೈನ ಎಸ್‌ಡಿ ಕಾರ್ಡ್ ಕೆಟ್ಟು ಮುಂದಿನ ಸಲ ಆನ್ ಆಗುವುದೇ ಇಲ್ಲ. ಪೈನ ಸೆಟ್ಟಿಂಗ್ ಮೆನು ರಾಸ್ಪಿ ಕಾನ್ಫಿಗ್‌ನಲ್ಲಿ ಓವರ್‌ಲೇ ಫೈಲ್ ಸಿಸ್ಟಮ್ ಆನ್ ಮಾಡಿದರೆ ಕಾರ್ಡಿಗೆ ಬರೆಯುವುದೇ ನಿಲ್ತದೆ, ಸ್ವಿಚ್ ಎಷ್ಟು ಸಲ ತೆಗೆದರೂ ತೊಂದರೆ ಇಲ್ಲ. ಅದರ ಬೆಲೆ ಅಂದರೆ ಹೈ ಸ್ಕೋರ್ ಉಳಿಯುವುದಿಲ್ಲ. ಹೈ ಸ್ಕೋರ್ ಬೇಕಿದ್ದರೆ ಅದನ್ನು ಬೇರೆ ಪೆನ್ ಡ್ರೈವಿಗೆ ಬರೆಸಿ. ಎಲ್ಲ ಹೊಂದಿಸಿದ ಮೇಲೆ ಕಾರ್ಡಿನ ಒಂದು ಪೂರ್ತಿ ನಕಲು ತೆಗೆದು ಕ್ಯಾಬಿನೆಟ್ ಒಳಗೇ ಟೇಪಿನಲ್ಲಿ ಅಂಟಿಸಿ ಇಡಿ.

ಹಳೆಯ ಆಟ ಓಡಿಸುವ ಸಾಫ್ಟ್‌ವೇರಿಗೆ ರೆಟ್ರೊಪೈ ಆಗಬಹುದು, ಬಟೊಸೆರಾ ಆಗಬಹುದು. ರೆಟ್ರೊಪೈಯಲ್ಲಿ ಪೈ 4ಕ್ಕೆ ಸ್ಕ್ರೀನ್ ತಿರುಗಿಸುವ ಸಾಲು ಪೈ 3ರದ್ದಕ್ಕಿಂತ ಬೇರೆ, ಹೆಸರಿನಲ್ಲಿ ಎಚ್‌ಡಿಎಂಐ ಇರುವುದನ್ನೇ ಹಾಕಬೇಕು. ಹಳೆಯ ಪಾಠ ನೋಡಿ ಹಾಕಿದರೆ ಸ್ಕ್ರೀನ್ ತಿರುಗುವುದಿಲ್ಲ. ಅದರೊಳಗಿನ ರೆಟ್ರೊಆರ್ಚ್‌ನಲ್ಲಿ ಇಂಟಿಜರ್ ಸ್ಕೇಲ್ (ಪೂರ್ಣ ಸಂಖ್ಯೆಯಲ್ಲಿ ಹಿಗ್ಗಿಸುವುದು) ಆನ್, ಥ್ರೆಡೆಡ್ ವಿಡಿಯೋ ಆಫ್. ಮೂಲ ಯಂತ್ರ ಸೆಕೆಂಡಿಗೆ 60.6 ಸಲ ಚಿತ್ರ ಬದಲಿಸುತ್ತಿತ್ತು, ನಿಮ್ಮ ಮಾನಿಟರ್ 60. ನೂರಕ್ಕೆ ಒಂದು ಪಾಲು ನಿಧಾನ, ಕಿವಿಗೆ ಗೊತ್ತಾಗುವುದಿಲ್ಲ.

ರೋಮ್ ಫೈಲಿನ (ಮೂಲ ಯಂತ್ರದ ಚಿಪ್ಪಿನಲ್ಲಿದ್ದ ಆಟದ ನಕಲು) ವಿಷಯ ನೇರವಾಗಿ ಹೇಳ್ತೇನೆ. ಪ್ಯಾಕ್‌ಮ್ಯಾನ್ ಹಕ್ಕು ಬಂದೈ ನ್ಯಾಮ್ಕೊದ್ದು, ಎಲ್ಲೆಲ್ಲಿಂದಲೋ ಇಳಿಸಿಕೊಳ್ಳುವ ಕೊಂಡಿ ದಯಮಾಡಿ ಇಲ್ಲಿ ಹಾಕಬೇಡಿ. ಬಟನ್, ಶಬ್ದದ ಪರೀಕ್ಷೆಗೆ ಆರ್ಕೇಡ್ ಆಟ ಓಡಿಸುವ ಮೇಮ್ ಸಾಫ್ಟ್‌ವೇರಿನ ಅಧಿಕೃತ ತಾಣದಲ್ಲಿ ವ್ಯಾಪಾರಕ್ಕಲ್ಲದ ಬಳಕೆಗೆ ಉಚಿತ ಬಿಟ್ಟ ಆಟಗಳು ಉಂಟು, ಗ್ರಿಡ್ಲೀ, ರಾಬಿ ರೋಟೊ ಹಾಗೆ. ಆಟ ಒಂದು ಕ್ಷಣ ಕಪ್ಪಾಗಿ ಮತ್ತೆ ಮೆನುವಿಗೆ ಬಂದರೆ ಹೆಚ್ಚಾಗಿ ರೋಮ್ ಸೆಟ್ಟಿನ ಆವೃತ್ತಿ ಹೊಂದುತ್ತಿಲ್ಲ. ಮೇಮ್ 2003 ಕೋರಿಗೆ 0.78ರ ಸೆಟ್ ಬೇಕು, 2010ಕ್ಕೆ 0.139ರದ್ದು.

ಉಪ್ಪಳ_ಗೇಟ್:
ಎಲ್ಲರಿಗೂ ಧನ್ಯವಾದ. ಈಗಿನ ಪಟ್ಟಿ: ಐಎಸ್ 710 ಪ್ಲೈ 18 ಮಿ.ಮೀ. ಎರಡು ಶೀಟು, 19 ಇಂಚಿನ ಚೌಕ ಐಪಿಎಸ್ ಅಥವಾ ಒಳ್ಳೆಯ ಟಿಎನ್, ನಾಲ್ಕು ದಿಕ್ಕಿನ ಸ್ಟಿಕ್ ಒಂದು, ಉದ್ದ ಕತ್ತಿನ ಬಟನ್ ನಾಲ್ಕು, ಟೀ ಪಟ್ಟಿ 12 ಮೀಟರ್. ಮಾನಿಟರ್ ಮೊದಲು, ಬಣ್ಣ ಡಿಸೆಂಬರಿಗೆ. ಎರಡು ಪ್ರಶ್ನೆ ಉಳಿದಿವೆ. ಸ್ಕ್ರೀನಿನ ಮುಂದಿನ ಗಾಜು ಯಾವುದು? ಕಾಯಿನ್ ನಿಜವಾಗಿ ಹಾಕಿ ಆಡುವ ಹಾಗೆ ಮಾಡಬಹುದೇ?

ಆಚಾರಿಕೊಟ್ಟಿಗೆ_ಬದಿಯಡ್ಕ:
ಗಾಜು 4 ಮಿ.ಮೀ. ಟಫನ್ಡ್. ಟಫನ್ ಮಾಡಿದ ಮೇಲೆ ಕತ್ತರಿಸಲಿಕ್ಕೆ ಆಗುವುದಿಲ್ಲ, ಒಂದು ಮಿಲಿಮೀಟರ್ ದೊಡ್ಡದಾದರೂ ಅದು ದಂಡ. ಹಾಗಾಗಿ ಕ್ಯಾಬಿನೆಟ್ ಪೂರ್ತಿ ನಿಂತ ಮೇಲೆ ಅಳೆದು, ಎಲ್ಲ ಕಡೆ 2 ಮಿ.ಮೀ. ಕಮ್ಮಿ ಹೇಳಿ. ಗಾಜಿನ ಅಡಿಗೆ ಕಪ್ಪು ಮೌಂಟ್ ಬೋರ್ಡಿನಲ್ಲಿ ಚಿತ್ರದ ಅಳತೆಗೆ ಕಿಟಕಿ ಕತ್ತರಿಸಿ ಹಾಕಿದರೆ ಮಾನಿಟರಿನ ಪ್ಲಾಸ್ಟಿಕ್ ಅಂಚು ಮರೆಯಾಗ್ತದೆ. ಮಾನಿಟರ್ ಎಷ್ಟು ಓರೆ ಇರಬೇಕು ಅನ್ನುವುದಕ್ಕೆ ಮೊದಲು ರಟ್ಟಿನಲ್ಲಿ ನಿಲ್ಲಿಸಿ ನೋಡಿ, ಕೋಣೆಯ ಟ್ಯೂಬ್ ಲೈಟ್ ಗಾಜಿನಲ್ಲಿ ಕಣ್ಣಿಗೆ ಹೊಡೆಯದ ಕೋನವೇ ಸರಿಯಾದ ಕೋನ.

ಚಂದ್ರಗಿರಿ_ತೀರ:
ಕಾಯಿನ್ ಆಗ್ತದೆ, ಆದರೆ ಒಂದು ರೂಪಾಯಿಗೆ ಹೋಗಬೇಡಿ. ಚಲಾವಣೆಯಲ್ಲಿ ಒಂದು ರೂಪಾಯಿಯೇ 25, 22, 20 ಮಿ.ಮೀ. ಹೀಗೆ ಮೂರು ಅಳತೆಯಲ್ಲಿ ಸಿಗ್ತದೆ. 2011ರ ಎರಡು ರೂಪಾಯಿ ಕೂಡ 25. ಯಂತ್ರಕ್ಕೆ ಒಂದನ್ನು ಕಲಿಸಿದರೆ ಇನ್ನೊಂದನ್ನು ಉಗುಳ್ತದೆ. ಹತ್ತು ರೂಪಾಯಿಯ ಎರಡು ಲೋಹದ ನಾಣ್ಯಕ್ಕೆ ಹೊಂದಿಸಿ, ಮೇಲಿನ ಚಿತ್ರ ಎಷ್ಟು ಬದಲಾದರೂ ಅಗಲ 27 ಮಿ.ಮೀ.ಯೇ.

ಮಾಷ್ಟ್ರು_ಮುಳ್ಳೇರಿಯ:
ಕಾಯಿನ್ ಯಂತ್ರ 12 ವೋಲ್ಟಿನದ್ದು. ಅದರ ಸಿಗ್ನಲ್ ತಂತಿ ಎನ್‌ಕೋಡರಿನ ಕಾಯಿನ್ ಬಟನ್ ಜಾಗಕ್ಕೆ, ಗ್ರೌಂಡ್ ಎರಡಕ್ಕೂ ಒಂದೇ. ಸೇರಿಸುವ ಮೊದಲು ಮಲ್ಟಿಮೀಟರಿನಲ್ಲಿ ಆ ಸಿಗ್ನಲ್ ತಂತಿಯನ್ನು ಒಮ್ಮೆ ಅಳೆಯಿರಿ, ಅದರಲ್ಲಿ 12 ವೋಲ್ಟ್ ಕಂಡರೆ ಸೇರಿಸಬೇಡಿ. ಪೈನ ಪಿನ್‌ಗೆ ಅಂತೂ ನೇರ ಕೊಡಲೇಬೇಡಿ, ಅದು 3.3 ವೋಲ್ಟಿನದ್ದು. ಒಂದು ನಾಣ್ಯಕ್ಕೆ ಒಂದೇ ಪಲ್ಸ್ ಬರುವ ಹಾಗೆ ಹೊಂದಿಸಿ, ಪಲ್ಸಿನ ವೇಗದ ಸ್ವಿಚ್ ನಿಧಾನಕ್ಕೆ ಇಡಿ. ವೇಗದಲ್ಲಿಟ್ಟರೆ ಎನ್‌ಕೋಡರ್ ಕೆಲವನ್ನು ಬಿಟ್ಟುಬಿಡುತ್ತದೆ, ಹತ್ತು ರೂಪಾಯಿ ನುಂಗಿಯೂ ಆಟ ಸುರುವಾಗುವುದಿಲ್ಲ. ಇನ್ನೊಂದು, ತುಲಾ ತಿಂಗಳ ಗುಡುಗು ಸುರುವಾಗುವ ಮೊದಲೇ ಹಿಂದಿನ ಐಇಸಿ ಕೇಬಲನ್ನು ಗೋಡೆಯಿಂದ ಪೂರ್ತಿ ಕಿತ್ತಿಡಿ, ಸ್ವಿಚ್ ಆಫ್ ಮಾಡಿದರೆ ಸಾಲದು.